ಆಂಟಿಯ ತೂಕದ ಪಟ್ಟಿ

ಬಿಳಿ ಪೇಪರ್ ನ್ಯಾಪ್‌ಕಿನ್ನಿನ ಮೇಲೆ ಬಿದ್ದ ಎಣ್ಣೆಯ ಹನಿ ಒಂದು ರೂಪಾಯಿ ನಾಣ್ಯದಷ್ಟು ಅಗಲವಾಗಿ ಹರಡಿತು. ಅದು ಕೆಂಪಗಿರಬೇಕಿತ್ತು, ಆರಿದ ಚಹಾದ ಬಣ್ಣಕ್ಕಿತ್ತು. ಆಂಟಿ ನ್ಯಾಪ್‌ಕಿನ್ನನ್ನು ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಒಮ್ಮೆ ಉಸಿರೆಳೆದುಕೊಂಡರು. ಆಮೇಲೆ ಅದನ್ನು ನನ್ನ ಮೂಗಿನ ಹತ್ತಿರ ತಂದರು.

"ಏನ್ ವಾಸನಿ ಬರ್ತದ ಹೇಳು."

"ಸುಟ್ಟ ವಾಸನೆ," ಅಂದೆ.

"ಬರೇ ಸುಟ್ಟದ್ದಲ್ಲ. ಒಗ್ಗರಣಿ ಹೊತ್ತದ್ದು. ಸಾಸಿವಿ ಸಿಡದ ಮ್ಯಾಲೂ ಒಲಿ ಆರಸದ ಫೋನಿನ್ಯಾಗ ಮಾತಾಡ್ಕೋತ ನಿಂತಾರ. ಈ ಗಾಡಿ ತನ್ನ ಶಕ್ತಿ ಮೀರಿ ಏನೋ ಎಳದದ."

ಅದು ಟ್ರಾನ್ಸ್‌ಮಿಷನ್ನಿನ, ಅಂದರೆ ಗೇರ್ ಪೆಟ್ಟಿಗೆಯ ಎಣ್ಣೆ. ಡಲ್ಲಾಸ್ ಬಳಿಯ ಲೂಯಿಸ್‌ವಿಲ್‌ನ ಒಂದು ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಲಾಟಿನಲ್ಲಿ, ಮೇ ತಿಂಗಳ ಬಿಸಿಲಿನಲ್ಲಿ, ನಾವೊಂದು ಹಳೆಯ ಪಿಕಪ್ ಟ್ರಕ್ ನೋಡಲು ಹೋಗಿದ್ದೆವು. ಅದರಿಂದ ಇದುವರೆಗೆ ಏನನ್ನೂ ಎಳೆದಿಲ್ಲ ಎಂದು ಮಾರುವ ಹುಡುಗ ಆಗತಾನೇ ಹೇಳಿದ್ದ. ಆಂಟಿ ಹಿಂದಿನ ಬಂಪರಿನ ಕೆಳಗೆ ಬಗ್ಗಿ, ಟ್ರೇಲರ್ ಸಿಕ್ಕಿಸುವ ಕಬ್ಬಿಣದ ಗುಂಡಿನ ಮೇಲೆ ಹೆಬ್ಬೆರಳು ಆಡಿಸಿ ನನಗೆ ತೋರಿಸಿದರು. ಅದರ ನೆತ್ತಿ ಸವೆದು ಹೊಳೆಯುತ್ತಿತ್ತು. ಹುಡುಗನಿಗೆ ಏನೂ ಅನ್ನಲಿಲ್ಲ. ಚೀಲದಿಂದ ಡಬ್ಬಿ ತೆಗೆದು ಅವನ ಕೈಗೆ ಎರಡು ಚಕ್ಕುಲಿ ಇಟ್ಟು, ಥ್ಯಾಂಕ್ಯೂ ಹೇಳಿ ಬಂದುಬಿಟ್ಟರು.

"ಸುಳ್ಳು ಹೇಳಿದವನಿಗೆ ಚಕ್ಕುಲಿ ಯಾಕೆ ಆಂಟಿ?" ಎಂದು ಕಾರಿನಲ್ಲಿ ಕೇಳಿದೆ.

"ಸುಳ್ಳಿಗಲ್ಲವಾ. ನಮ್ಮ ಸಲುವಾಗಿ ಬಿಸಲಾಗ ನಿಂತಿದ್ನಲ್ಲ, ಅದಕ್ಕ."

ಇದು ಆದದ್ದು ಬಹಳ ವರ್ಷಗಳ ಹಿಂದೆ. ಕಳೆದ ತಿಂಗಳು ಆಂಟಿ ಕೆಲಸದಿಂದ ನಿವೃತ್ತರಾದರು. ರಿಚರ್ಡ್‌ಸನ್‌ನ ಒಂದು ಕಂಪನಿಯಲ್ಲಿ ಬಹಳ ವರ್ಷ ಅವರು ಸರ್ಕ್ಯೂಟ್ ಬೋರ್ಡುಗಳನ್ನು ಭೂತಗನ್ನಡಿಯ ಕೆಳಗಿಟ್ಟು, ಬೆಸುಗೆ ಸರಿಯಾಗಿದೆಯೇ ಎಂದು ಪರೀಕ್ಷಿಸುತ್ತಿದ್ದರು. ಬೀಳ್ಕೊಡುಗೆಗೆ, ಈಗ ನಾನಿರುವ ಆಸ್ಟಿನ್‌ನಿಂದ ಹೋಗುವುದು ನನಗೆ ಸಾಧ್ಯವಾಗಲಿಲ್ಲ. ಅವರೇ ಫೋನ್ ಮಾಡಿ, ಆ ಭೂತಗನ್ನಡಿಯನ್ನು ಉಡುಗೊರೆಯಾಗಿ ಕೊಟ್ಟು ಕಳಿಸಿದರೆಂದೂ ಈಗ ಅದರ ಕೆಳಗೆ ಬೇಳೆ ಆರಿಸುತ್ತಿರುವುದಾಗಿಯೂ ಹೇಳಿದರು. ಆಗ ಕೊನೆಗೆ ಕೊಂಡ ಟ್ರಕ್ ಹೇಗಿದೆ ಎಂದು ಕೇಳಿದೆ. "ನನಗಿಂತ ಛಲೋ ಅದ," ಅಂದರು. ಫೋನಿಟ್ಟ ಮೇಲೆ ಎರಡು ಸಾವಿರದ ನಾಲ್ಕರ ಆ ಬೇಸಿಗೆಯನ್ನು ಬರೆದಿಡಬೇಕು ಅನ್ನಿಸಿತು.

ಆಗ ನಾನು ರಿಚರ್ಡ್‌ಸನ್‌ನಲ್ಲಿ ಎಂಜಿನಿಯರಿಂಗ್ ಎಂ.ಎಸ್. ಓದುತ್ತಿದ್ದೆ. ಆಂಟಿ ಇದ್ದ ಕಟ್ಟಡದಲ್ಲೇ, ಅವರ ನೆತ್ತಿಯ ಮೇಲಿನ ಮನೆಯಲ್ಲಿ ನನ್ನ ಕೋಣೆ. ಅವರು ವಿಜಯಪುರದ ಕಡೆಯವರು, ನಾನು ಮೈಸೂರಿನವಳು. ಅಂಕಲ್ ತೀರಿಕೊಂಡು ಆರು ವರ್ಷವಾಗಿತ್ತು. ನನ್ನ ಬಾಗಿಲ ಮುಂದೆ ವಾರಕ್ಕೊಮ್ಮೆ ಸ್ಟೀಲಿನ ಡಬ್ಬಿಯೊಂದು ಬಂದು ಕೂರುತ್ತಿತ್ತು; ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿಪುಡಿ. ಡಬ್ಬಿಯನ್ನು ಖಾಲಿ ಮರಳಿಸಬಾರದೆಂದು ನಮ್ಮ ಮನೆಯಲ್ಲಿ ಕಲಿಸಿದ್ದರು. ನನಗೆ ಅಡುಗೆ ಬಾರದು. ಹಾಗಾಗಿ ತೊಳೆದು ಒರೆಸಿ, ಒಳಗೆ ಎರಡು ಚಮಚ ಸಕ್ಕರೆ ಹಾಕಿ ಅವರ ಬಾಗಿಲಲ್ಲಿಟ್ಟು ಬರುತ್ತಿದ್ದೆ. ಊಟಕ್ಕೆ ಕರೆದರೆ ಓದುವುದಿದೆ ಎನ್ನುತ್ತಿದ್ದೆ. ಹಬ್ಬಕ್ಕೆ ಕರೆದರೂ ಅದೇ ಉತ್ತರ. ಆಂಟಿ ನನ್ನನ್ನು ಯಾರಿಗೋ ಪರಿಚಯಿಸುತ್ತ, "ಇಕಿ ನಮ್ಮ ಸಕ್ಕರಿ ವಾಪಸ್ ಮಾಡೋ ಹುಡುಗಿ," ಅಂದದ್ದು ನೆನಪಿದೆ.

ಆ ವರ್ಷ ಮಾರ್ಚಿನಲ್ಲಿ ಅವರ ಅತ್ತೆ ಬಂದರು. ಎಪ್ಪತ್ತೆಂಟು ವರ್ಷದ ಅಜ್ಜಿ, ಮಗನಿಲ್ಲದ ಮನೆಗೆ, ಸೊಸೆಯ ಜೊತೆ ಆರು ತಿಂಗಳು ಇರಲೆಂದೇ ಬಂದಿದ್ದರು. ಅಜ್ಜಿ ಮಡಿಯವರು. ತಾವೇ ಮಿಂದು ಮಾಡಿದ ಅಡುಗೆ ಬಿಟ್ಟು ಬೇರೇನನ್ನೂ ಬಾಯಿಗಿಡರು. ವಿಮಾನದಲ್ಲಿ ಬಾಳೆಹಣ್ಣು ತಿಂದುಕೊಂಡು ಬಂದಿದ್ದರು. ಹೋಟೆಲಿನ ಕೋಣೆ, ರೆಸ್ಟೊರೆಂಟು ಎರಡೂ ಆಗದ್ದರಿಂದ ಅವರು ಕಂಡ ಅಮೆರಿಕ ಎಂದರೆ ಅಪಾರ್ಟ್‌ಮೆಂಟಿನ ಅಂಗಳ ಮತ್ತು ದೇವಸ್ಥಾನ.

ಅವರಿಗಿದ್ದದ್ದು ಒಂದೇ ಆಸೆ. ಹುಟ್ಟಿದಾಗಿನಿಂದ ಸಮುದ್ರ ನೋಡಿರಲಿಲ್ಲ. ನೋಡಿದರೆ ಸಾಲದು, ಬೆಳಿಗ್ಗೆ ಸೂರ್ಯ ನೀರಿನಿಂದ ಮೇಲೇಳುವಾಗ ಅದೇ ನೀರಲ್ಲಿ ನಿಂತು ಅರ್ಘ್ಯ ಬಿಡಬೇಕು. ಹ್ಯೂಸ್ಟನ್ ದಾಟಿದರೆ ಗ್ಯಾಲ್ವೆಸ್ಟನ್‌ನಲ್ಲಿ ಸಮುದ್ರ, ಡಲ್ಲಾಸಿನಿಂದ ಐದಾರು ತಾಸಿನ ದಾರಿ. ಆದರೆ ಸೂರ್ಯೋದಯಕ್ಕೆ ಅಲ್ಲಿರಬೇಕಾದರೆ ಹಿಂದಿನ ದಿನವೇ ಹೋಗಿ ತಂಗಬೇಕು. ತಂಗಿದರೆ ಅಡುಗೆ ಆಗಬೇಕು. ಆಗಸ್ಟ್ ಕೊನೆಗೆ ವಾಪಸ್ ಟಿಕೆಟ್ ಇತ್ತು. "ಮತ್ತ ನಾ ಇಷ್ಟು ದೂರ ಬರಾಂಗಿಲ್ಲ," ಎಂದು ಅಜ್ಜಿ ದುಃಖವಿಲ್ಲದೆ, ಬಸ್ಸಿನ ಸಮಯ ಹೇಳುವಂತೆ ಹೇಳುತ್ತಿದ್ದರು.

ಆಂಟಿ ಎರಡು ದಿನ ಯೋಚಿಸಿ, ನಿವೃತ್ತನಾಗುತ್ತಿದ್ದ ಸಹೋದ್ಯೋಗಿಯೊಬ್ಬನಿಂದ ಹತ್ತೊಂಬತ್ತು ಅಡಿಯ ಹಳೆಯ ಟ್ರಾವೆಲ್ ಟ್ರೇಲರ್ ಕೊಂಡರು. ಒಳಗೆ ಹಾಸಿಗೆ, ಒಲೆ, ಸಿಂಕು ಎಲ್ಲ ಇದ್ದ ಚಕ್ರದ ಮನೆ. ಅದನ್ನು ಎಳೆಯಲು ಅವರ ಬಳಿ ಇದ್ದದ್ದು ಒಂದು ಚಿಕ್ಕ ಕಾರು.

"ಆಂಟಿ, ಮೊದಲು ಟ್ರಕ್ ತಗೋಬೇಕಿತ್ತಲ್ವಾ?"

"ಅಡಗಿಮನಿ ಗಟ್ಟಿ ಆದ್ರ ಎತ್ತು ಹುಡುಕಬಹುದವಾ. ಎತ್ತು ಕಟಗೊಂಡು ಅಡಗಿಮನಿ ಹುಡುಕಾಕ ಆಗ್ತದೇನು?"

ಹೀಗೆ ಎತ್ತು ಹುಡುಕುವ ಕೆಲಸಕ್ಕೆ ನಾನು ಸೇರಿದೆ. ಆಂಟಿಗೆ ಮೂಗು, ಕಣ್ಣು, ಧೈರ್ಯ ಇದ್ದವು. ಲೆಕ್ಕಕ್ಕೆ ಒಬ್ಬರು ಬೇಕಿತ್ತು. ಡಬ್ಬಿಗಳ ಋಣವನ್ನು ಸಕ್ಕರೆಗಿಂತ ಚೆನ್ನಾಗಿ ತೀರಿಸಬಹುದೆಂದು ನಾನೂ ಒಪ್ಪಿದೆ.

ನಾವು ಹುಡುಕುತ್ತಿದ್ದದ್ದು ಹಾಫ್ ಟನ್ ಎಂದು ಕರೆಯುವ, ಕುಟುಂಬಗಳು ಇಟ್ಟುಕೊಳ್ಳುವ ಸಾಧಾರಣ ಗಾತ್ರದ ಪಿಕಪ್ಪು; ಆ ಅರ್ಧ ಟನ್ ಎನ್ನುವುದು ಹೆಸರಿಗಷ್ಟೇ. ಎಷ್ಟು ಎಳೆಯಬಲ್ಲದು ಎಂಬುದನ್ನು ಮಾರುವವರೆಲ್ಲ ದೊಡ್ಡದಾಗಿ ಹೇಳುತ್ತಾರೆ. ಎಷ್ಟು ಹೊರಬಲ್ಲದು ಎಂಬುದನ್ನು ಯಾರೂ ಹೇಳುವುದಿಲ್ಲ. ಟ್ರೇಲರಿನ ಮೂತಿ ಟ್ರಕ್ಕಿನ ಬೆನ್ನ ಮೇಲೆ ಭಾರ ಹಾಕುತ್ತದೆ. ಕೂತವರು, ಹಿಂದೆ ತುಂಬಿದ ಸಾಮಾನು, ಎಲ್ಲವೂ ಅದೇ ಬೆನ್ನ ಮೇಲೆ. ಚಾಲಕನ ಬಾಗಿಲ ಸಂದಿನ ಸ್ಟಿಕ್ಕರಿನಲ್ಲಿ ಗಾಡಿಯ ಒಟ್ಟು ತೂಕದ ಮಿತಿ ಇರುತ್ತದೆ. ಅದರಲ್ಲಿ ಗಾಡಿಯ ಸ್ವಂತ ತೂಕ ಕಳೆದರೆ ಉಳಿದದ್ದೇ ನಮಗೆ ಸಿಗುವ ಜಾಗ. ನಾನು ಇದನ್ನು ವಿವರಿಸಿದಾಗ ಆಂಟಿ, "ಎಳಿಯೋದು ಎತ್ತು, ಹೊರೋದು ಕತ್ತೆ. ನಮಗ ಎರಡೂ ಆಗಿದ್ದೊಂದು ಬೇಕು," ಎಂದು ಮುಗಿಸಿದರು.

ಆಮೇಲೆ ತೂಗಲು ಕೂತರು. ಬಾತ್‌ರೂಮಿನ ತಕ್ಕಡಿಯನ್ನು ಅಡುಗೆಮನೆಯ ನಡುವೆ ಇಟ್ಟು, ಒಂದೊಂದೇ ಸಾಮಾನು ಅಪ್ಪಿಕೊಂಡು ಅದರ ಮೇಲೆ ನಿಲ್ಲುತ್ತಿದ್ದರು. ನಾನು ಅವರ ತೂಕ ಕಳೆದು ಹೇಳುತ್ತಿದ್ದೆ. ಕುಕ್ಕರು, ಅಕ್ಕಿ, ಕೊಬ್ಬರಿ ತುರಿಯುವ ಮಣೆ. ಟ್ರೇಲರಿನ ಪ್ಲಾಸ್ಟಿಕ್ ಟ್ಯಾಂಕಿನ ನೀರು ಅಜ್ಜಿಗೆ ಆಗದು, ಆದ್ದರಿಂದ ಮುಚ್ಚಳವಿರುವ ಐದು ಸ್ಟೀಲಿನ ಕೊಡ ನೀರು. ನಾನು ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿದೆ. ಆಂಟಿ ತಮ್ಮ ಪುಟ್ಟ ಡೈರಿಯಲ್ಲಿ ಪೆನ್ಸಿಲ್ಲಿನಿಂದ ತಮ್ಮದೇ ಪಟ್ಟಿ ಬರೆದುಕೊಂಡರು. ಅಜ್ಜಿ ಕೋಲು ಬದಿಗಿಟ್ಟು ತಕ್ಕಡಿ ಹತ್ತಿದರು.

"ನೂರ ಐದು ಪೌಂಡು," ಅಂದೆ.

"ಒಳಗ ಹೋದ ಮ್ಯಾಲ ನಿಮ್ಮ ಸಿಟ್ಟೂ ಕೂಡಿಸಬೇಕಲ್ರಿ ಅತ್ಯಾ," ಅಂದರು ಆಂಟಿ.

"ನಿನ್ನ ನಾಲಿಗಿ ಬ್ಯಾರೆ ತೂಗಸು. ಅದಕ್ಕ ಎರಡನೇ ಗಾಡಿ ಬೇಕಾಗ್ತದ," ಅಂದರು ಅಜ್ಜಿ.

ಟ್ರೇಲರಿನ ಮೂತಿಯ ಭಾರವನ್ನು ಒಂದು ತೊಲೆ, ಎರಡು ಪೈಪು ಮತ್ತು ಅದೇ ತಕ್ಕಡಿಯಿಂದ ಅಳೆದವಳು ನಾನು. ಐನೂರ ಅರವತ್ತು ಪೌಂಡು ಬಂತು. ಆ ವರ್ಷ ಯೂನಿವರ್ಸಿಟಿಯಲ್ಲಿ ಮಾಡಿದ ಯಾವ ಪ್ರಯೋಗವೂ ನನಗೆ ಅಷ್ಟು ಖುಷಿ ಕೊಟ್ಟಿರಲಿಲ್ಲ.

ಟ್ರಕ್ ನೋಡಲು ಆಂಟಿಗೆ ತಮ್ಮದೇ ಕ್ರಮವಿತ್ತು. ನಾವು ಬರುವವರೆಗೆ ಎಂಜಿನ್ ಶುರು ಮಾಡಬೇಡಿ ಎಂದು ಫೋನಿನಲ್ಲಿ ಹೇಳಿರುತ್ತಿದ್ದರು. ಹೋದ ಕೂಡಲೇ, ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ, ಬಾನೆಟ್ಟಿನ ಮೇಲೆ ಅಂಗೈ ಇಡುತ್ತಿದ್ದರು. ಬೆಚ್ಚಗಿದ್ದರೆ, ಶುರುವಾಗುವಾಗಿನ ತೊಂದರೆ ಮುಚ್ಚಿಡಲು ಮೊದಲೇ ಓಡಿಸಿದ್ದಾರೆಂದು ಅರ್ಥ; ಮಾತೇ ಇಲ್ಲ, ವಾಪಸ್. ತಣ್ಣಗಿದ್ದರೆ ಮೊದಲು ಟ್ರೇಲರಿನ ದೀಪ, ಬ್ರೇಕುಗಳ ತಂತಿಗೆ ಏಳು ಪಿನ್ನಿನ ಸಾಕೆಟ್ ಇದೆಯೇ ನೋಡುವುದು, ಆಮೇಲೆ ಟೈರು, ಕೊನೆಗೆ ನ್ಯಾಪ್‌ಕಿನ್ನು. ಮಾರುವವನ ಮಾತನ್ನು ಪೂರ್ತಿ ಕೇಳುತ್ತಿದ್ದರು, ತಲೆಯನ್ನೂ ಆಡಿಸುತ್ತಿದ್ದರು. "ಕಿವಿ ಅವಗ ಕೊಡಬೇಕು, ಕಣ್ಣು ಗಾಡಿಗೆ ಕೊಡಬೇಕು," ಎನ್ನುವುದು ಅವರ ಸೂತ್ರ.

ಜೂನಿನಲ್ಲಿ ರಿಚರ್ಡ್‌ಸನ್‌ನಲ್ಲೇ ಒಂದು ಕೆಂಪು ಟ್ರಕ್ ಸಿಕ್ಕಿತು. ಎಣ್ಣೆ ಕುಂಕುಮದಂತೆ ಕೆಂಪಗಿತ್ತು. ಟ್ಯಾಂಕ್ ತುಂಬಿಸಿ, ಹೆದ್ದಾರಿ ಪಕ್ಕದ ಟ್ರಕ್ ಸ್ಟಾಪಿನ ತೂಕದ ಕಟ್ಟೆಯ ಮೇಲೆ ನಿಲ್ಲಿಸಿದೆವು. ಸ್ಪೀಕರಿನೊಳಗಿನ ಹೆಂಗಸು ಕಂಪನಿಯ ಹೆಸರು ಕೇಳಿದಳು. ಅಲ್ಲಿಗೆ ಬರುವುದು ಹದಿನೆಂಟು ಚಕ್ರದ ಲಾರಿಗಳು. ಆಂಟಿ ಇಂಗ್ಲಿಷಿನಲ್ಲಿ, "ಕಂಪನಿ ನಮ್ಮ ಅತ್ತೆಯವರದು," ಅಂದರು. ಅವಳು, "ನಮ್ಮ ಮನೆಯಲ್ಲೂ ಎಲ್ಲ ಅತ್ತೆಯವರದೇ," ಅಂದಳು.

ಮಿತಿಯಲ್ಲಿ ಗಾಡಿಯ ತೂಕ ಕಳೆದರೆ ಸಾವಿರದ ಇನ್ನೂರು ಪೌಂಡು ಉಳಿಯಿತು. ನನ್ನ ಪಟ್ಟಿಯ ಭಾರ ಸಾವಿರದ ನೂರ ಹದಿನೈದು. "ಎಂಬತ್ತೈದು ಪೌಂಡ್ ಮಿಗುತ್ತೆ ಆಂಟಿ. ಸರಿಹೋಯ್ತು," ಎಂದೆ.

ಆಂಟಿ ಡೈರಿ ತೆರೆದರು. ನನಗೆ ಕಾಣದ ಹಾಗೆ ಎದೆಗೆ ಹತ್ತಿರ ಹಿಡಿದು, ಪೆನ್ಸಿಲ್ಲಿನಿಂದ ಏನೋ ಕೂಡಿದರು. ಕನ್ನಡಕ ತೆಗೆದು ಟ್ರಕ್ಕನ್ನು ಪ್ರೀತಿಯಿಂದಲೇ ನೋಡಿದರು.

"ಹೊಂದಂಗಿಲ್ಲ."

"ಯಾಕೆ ಆಂಟಿ? ಲೆಕ್ಕ ಸರಿಯಾಗಿದೆ."

"ನಿನ್ನ ಲೆಕ್ಕ ಸರಿ ಅದವಾ. ಗಾಡಿ ಸಣ್ಣದು."

ಅಷ್ಟೇ. ಜೂನ್ ಮುಗಿಯುತ್ತ ಬಂದಿತ್ತು, ಅಜ್ಜಿಯ ಟಿಕೆಟ್ಟಿಗೆ ಎರಡು ತಿಂಗಳು. ನಾಲ್ಕು ಸಲ ಪರೀಕ್ಷಿಸಿದ ನನ್ನ ಲೆಕ್ಕವನ್ನು ಕಾರಣ ಹೇಳದೆ ತಳ್ಳಿಹಾಕಿದ್ದಕ್ಕೆ ನನಗೆ ನೋವಾಯಿತು. ಆ ವಾರದ ಡಬ್ಬಿಯಲ್ಲಿ ಎರಡು ಚಮಚದ ಬದಲು ಒಂದೇ ಚಮಚ ಸಕ್ಕರೆ ಹಾಕಿ ಕಳಿಸಿದೆ. ನನ್ನ ಸಿಟ್ಟು ಅಷ್ಟರಮಟ್ಟಿನದು.

ಜುಲೈ ಎರಡನೇ ವಾರ ಆಸ್ಟಿನ್ ಬಳಿಯ ಟೇಲರ್ ಊರಿನ ಜಾಹೀರಾತೊಂದನ್ನು ನೋಡಿ ಮೂವರೂ ಹೊರಟೆವು. ಅಜ್ಜಿ ಬೆಳಿಗ್ಗೆಯೇ ಊಟ ಮುಗಿಸಿ, ಸಂಜೆಗೆ ಮನೆ ಸೇರುವ ಷರತ್ತಿನ ಮೇಲೆ ಬಂದರು. ಊರ ಹೊರಗಿನ ಹೊಲದ ಮನೆ. ಮಾರುವವಳು ಎಪ್ಪತ್ತರ ಆಸುಪಾಸಿನ ಹೆಂಗಸು. ಗಂಡನಿಗೆ ಕಣ್ಣು ಮಂಜಾಗಿ ಡ್ರೈವ್ ಮಾಡುವುದು ನಿಂತಿತ್ತು. ಶೆಡ್ಡಿನ ನೆರಳಲ್ಲಿ ನಿಂತ ಬಿಳಿ ಟ್ರಕ್ಕು, ಹಿಂದೆ ಅಜ್ಜಿ ಕೂರುವಷ್ಟು ಅಗಲದ ಸೀಟು. ಎಳೆದದ್ದು ಮೀನು ಹಿಡಿಯುವ ಒಂದು ಸಣ್ಣ ದೋಣಿಯನ್ನು, ಅದೂ ಭಾನುವಾರ ಮಾತ್ರ ಎಂದಳು. ಆಂಟಿ ಬಾನೆಟ್ಟಿನ ಮೇಲೆ ಕೈ ಇಟ್ಟರು. ತಣ್ಣಗಿತ್ತು.

ನಾವು ಟ್ರಕ್ಕಿನ ಕೆಳಗೆ ತಲೆ ಹಾಕಿದ್ದಾಗ ಅಜ್ಜಿ ಕಾಣೆಯಾದರು. ಹುಡುಕಿದರೆ ಬೇಲಿಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ಮಣ್ಣು ಹಿಚುಕುತ್ತಿದ್ದರು. ಕಪ್ಪು ಮಣ್ಣು, ಬಿಸಿಲಿಗೆ ಬಿರುಕು ಬಿಟ್ಟದ್ದು.

"ಇದು ಎರಿ," ಅಂದರು. "ನಮ್ಮ ಎರಿ ಮಣ್ಣ ಅದ ಇದು." ಆಮೇಲೆ ಬೇಲಿಯಾಚೆ ಬೆರಳು ಮಾಡಿದರು. "ಅದು ನೋಡವಾ. ಜ್ವಾಳ."

ಹೌದು, ಜೋಳವೇ. ಕುಳ್ಳಗೆ, ಕೆಂಗಂದು ತೆನೆ ಹೊತ್ತು, ದೂರದವರೆಗೆ ನಿಂತಿತ್ತು. ಇದನ್ನು ಹೇಗೆ ತಿನ್ನುತ್ತೀರೆಂದು ಆ ಹೆಂಗಸನ್ನು ಕೇಳಲು ಅಜ್ಜಿ ಹೇಳಿದರು, ಕೇಳಿದೆ. ತಿನ್ನುವುದಿಲ್ಲ, ದನಗಳಿಗೆ ಹಾಕುತ್ತೇವೆ ಎಂದಳು. ಅಜ್ಜಿಗೆ ಕನ್ನಡದಲ್ಲಿ ಹೇಳಿದೆ.

ಅಜ್ಜಿ ಕೈಯ ಮಣ್ಣು ಕೊಡವಿದರು. "ದನಾ ಜ್ವಾಳ ತಿಂದು ಗಟ್ಟಿ ಆಗ್ಯಾವ. ಇವರು ಹತ್ತಿಯಂಥಾ ಬ್ರೆಡ್ ತಿಂದು ಟ್ರಕ್ ಮಾರಾಕ ಕೂತಾರ. ಹೇಳಿಬಿಡು."

ನಾನು ಹೇಳಲಿಲ್ಲ. ಆದರೆ ಆಂಟಿ ಹೇಳಿಯೇಬಿಟ್ಟರು. ಆ ಹೆಂಗಸು ಬೇಲಿ ಹಿಡಿದುಕೊಂಡು ನಕ್ಕಳು. ಹೋಗುವಾಗ ಅಜ್ಜಿಗೆ ಹತ್ತು ತೆನೆ ಕೊಯ್ದು ಕೊಟ್ಟಳು. ತೂಕದ ಕಟ್ಟೆಯ ಮೇಲೆ ಆ ಗಾಡಿಗೆ ಸಾವಿರದ ಮುನ್ನೂರ ಎಂಬತ್ತು ಪೌಂಡು ಜಾಗ ಸಿಕ್ಕಿತು. ಆಂಟಿ ಡೈರಿಯಲ್ಲಿ ಕೂಡಿ ನೋಡಿ, ಮುಚ್ಚಿ, "ಹೂಂ," ಅಂದರು. ನನ್ನ ಮುಖ ನೋಡಿ ಒಂದು ಚಕ್ಕುಲಿಯನ್ನೂ ಕೊಟ್ಟರು.

ಆಗಸ್ಟ್ ಮೊದಲ ವಾರ ಹೊರಡುವುದೆಂದಾಯಿತು. ಹಿಂದಿನ ದಿನ ಆಂಟಿ ಮಹಡಿ ಹತ್ತಿ ಬಂದರು.

"ನಾಳೆ ನಕಾಶಿ ನೋಡಿ ದಾರಿ ಹೇಳಾಕ ಯಾರೂ ಇಲ್ಲ. ಅತ್ಯಾ ಹೇಳಿದ್ರ ನಾವು ವಿಜಾಪುರಕ್ಕ ಹೋಗಿ ಮುಟ್ತೀವಿ."

ಓದುವುದಿದೆ ಎನ್ನಲು ಬಾಯಿ ತೆರೆದೆ. ಪರೀಕ್ಷೆಗಳು ಮುಗಿದಿದ್ದವು, ಅದು ಅವರಿಗೂ ಗೊತ್ತಿತ್ತು. ಕೊನೆಯ ಗಳಿಗೆಯ ತೊಂದರೆ, ಬೇರೆ ಯಾರೂ ಸಿಕ್ಕಿರಲಾರರು ಎಂದುಕೊಂಡು ಒಪ್ಪಿದೆ.

ಆಂಟಿ ಎರಡು ದಿಂಬಿನ ಮೇಲೆ ಕೂತು, ಬಲಗಡೆಯ ಲೇನ್ ಬಿಡದೆ, ಹಿಂದಿನವರ ಹಾರ್ನಿಗೆಲ್ಲ "ಹೋಗಪ್ಪಾ, ನಿನಗ ಅಡಗಿಮನಿ ಇಲ್ಲ," ಎನ್ನುತ್ತ ಓಡಿಸಿದರು. ಹ್ಯೂಸ್ಟನ್‌ನಲ್ಲಿ ಎಂಟು ಲೇನುಗಳ ನಡುವೆ ನಾನು ನಕಾಶೆಯಿಂದ ತಲೆ ಎತ್ತಲಿಲ್ಲ. ಅಜ್ಜಿ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡಿದರು. ಮಧ್ಯಾಹ್ನ ಗ್ಯಾಲ್ವೆಸ್ಟನ್ ತಲುಪಿ, ಸಮುದ್ರದಂಚಿನ ಟ್ರೇಲರ್ ಪಾರ್ಕಿನಲ್ಲಿ ಗಾಡಿ ನಿಲ್ಲಿಸಿದೆವು.

ಅಜ್ಜಿ ಮರಳಿನ ಮೇಲೆ ಕೋಲೂರಿ ಬಹಳ ಹೊತ್ತು ನೋಡಿದರು. ಕೈ ಮುಗಿಯಲಿಲ್ಲ, ಅಳಲಿಲ್ಲ.

"ಇದರ ಆಚಿ ದಂಡಿ ಮ್ಯಾಲೆ ಯಾವ ಊರು?"

"ಮೆಕ್ಸಿಕೊ, ಅಜ್ಜಿ."

"ಅಲ್ಲೂ ಮಂದಿ ಹಿಂಗ ನಿಂತಿರ್ತಾರೇನು?"

"ನಿಂತಿರಬಹುದು."

ಆಗ ಕೈ ಮುಗಿದರು, ಆ ಕಡೆಯ ಮಂದಿಗೆ. ಆಂಟಿ ಚೂಡಿದಾರ ಮೊಣಕಾಲಿಗೆ ಮಡಿಸಿಕೊಂಡು ನೀರಿಗಿಳಿದರು. ನಾನು ಬೂಟು ಕಳಚದೆ ಎಲ್ಲರ ಚೀಲ ಹಿಡಿದುಕೊಂಡು ನಿಂತೆ.

ಸಂಜೆ ಟ್ರೇಲರಿನೊಳಗೆ ಅಜ್ಜಿಯ ಅನ್ನ ಸಾರು ಆಯಿತು. ಊಟವಾದ ಮೇಲೆ ಅಜ್ಜಿ ಹೇಳಿದರು, "ಒಂದು ಕೊಡ ಸಮುದ್ರ ಒಯ್ಯೋಣು. ನಮ್ಮ ಓಣ್ಯಾಗಿನವರಿಗೆ ತೋರಸಬೇಕು."

"ಜಾಗ ಇಲ್ರಿ ಅತ್ಯಾ. ಖಾಲಿ ಆದ ನೀರಿನ ತೂಕಕ್ಕೂ ಬರೂವಾಗ ಮಿಕ್ಕಿದ್ದ ಜಾಗಕ್ಕೂ ಹ್ಯೂಸ್ಟನ್‌ನ್ಯಾಗ ಜ್ವಾಳದ ಹಿಟ್ಟು ಹೇಳೇನಿ. ಎಂಟು ಮನಿಯವರು ಕಾಯಲಿಕ್ಕತ್ಯಾರ. ಇನ್ನ ಒಂದು ಪೌಂಡೂ ಹಿಡ್ಯಂಗಿಲ್ಲ. ಒಂದು ಸಣ್ಣ ಬಾಟ್ಲಿ ತುಂಬಕೋರಿ."

"ಬಾಟ್ಲ್ಯಾಗಿನದ್ದು ಸಮುದ್ರ ಅಂದ್ರ ಯಾರು ನಂಬ್ತಾರ? ಗಂಗಾಜಲ ಅಂತಾರ."

ಆಂಟಿ ಪಾತ್ರೆ ತೊಳೆಯಲು ಎದ್ದು, ವಾಪಸ್ಸಿನ ಪಟ್ಟಿ ಕೂಡಿಡು ಎಂದು ಡೈರಿಯನ್ನು ನನ್ನ ಕೈಗೆ ಕೊಟ್ಟರು. ಅದನ್ನು ನಾನು ತೆರೆದದ್ದು ಅದೇ ಮೊದಲು. ಮೊದಲ ಪುಟ ಮೇ ತಿಂಗಳದು, ಲೂಯಿಸ್‌ವಿಲ್‌ನ ಟ್ರಕ್ ನೋಡಿದ್ದಕ್ಕೂ ಮುಂಚಿನದು. ಮೂತಿಯ ಭಾರಕ್ಕೆ ಖಾಲಿ ಬಿಟ್ಟು ಆಮೇಲೆ ತುಂಬಿದ ಜಾಗ. ಅದರ ಕೆಳಗೆ: ನಾನು, ನೂರ ಐವತ್ತು. ಅತ್ಯಾ, ನೂರ ಐದು. ಹುಡುಗಿ, ನೂರ ಮೂವತ್ತು, ಅಂದಾಜು.

ಎಂಬತ್ತೈದು ಪೌಂಡು ಮಿಗುತ್ತಿದ್ದ ಆ ಕೆಂಪು ಟ್ರಕ್ಕು ನೆನಪಾಯಿತು. ನನ್ನ ಲೆಕ್ಕದಲ್ಲಿ ನಾನಿರಲೇ ಇಲ್ಲ. ಹುಡುಗಿಯನ್ನು ಸೇರಿಸಿದರೆ ನಲವತ್ತೈದು ಹೆಚ್ಚಾಗುತ್ತಿತ್ತು.

"ಆಂಟಿ, ಇದನ್ನ ಮೊದಲೇ ಹೇಳಬಹುದಿತ್ತಲ್ಲ."

ಅವರು ಸಿಂಕಿನಿಂದ ತಿರುಗಲಿಲ್ಲ. "ಹೇಳಿದ್ರ ನೀ ಬರ್ತಿದ್ದಿಲ್ಲ. ಸಕ್ಕರಿ ಕಳಸ್ತಿದ್ದಿ."

ವಾಪಸ್ಸಿನ ಪಟ್ಟಿ ಕೂಡುವಾಗ ಎರಡು ಸಲ ತಪ್ಪು ಮಾಡಿದೆ. ಅಂಥದು ನನಗೆ ಹೆಚ್ಚಾಗಿ ಆಗುವುದಿಲ್ಲ.

ಮರುದಿನ ಬೆಳಿಗ್ಗೆ ಎಚ್ಚರವಾದಾಗ ಅಜ್ಜಿ ಆಗಲೇ ಮಿಂದು, ಆಂಟಿಯ ತೋಳು ಹಿಡಿದು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದರು. ಪೂರ್ವದಲ್ಲಿ ನೀರಿನ ಅಂಚು ಕೆಂಪೇರುತ್ತಿತ್ತು. ನಾನು ತಕ್ಕಡಿಯನ್ನು ಹೊರಗೆ ತಂದು ಕಾಂಕ್ರೀಟಿನ ಮೇಲಿಟ್ಟು, ಬೂಟು ಕಳಚಿ ಹತ್ತಿದೆ. ನೂರ ಇಪ್ಪತ್ತೊಂದು. ಡೈರಿಯಲ್ಲಿ ನೂರ ಮೂವತ್ತನ್ನು ಹೊಡೆದು, ಅಂದಾಜು ಎಂಬುದನ್ನೂ ಹೊಡೆದು, ಸರಿಯಾದ ಅಂಕಿ ಬರೆದೆ. ಒಂಬತ್ತು ಪೌಂಡು ಮಿಕ್ಕಿತು. ಆಮೇಲೆ ನಾನು ಕುಡಿದು ಖಾಲಿ ಮಾಡಿದ್ದ ಒಂದು ಗ್ಯಾಲನ್ನಿನ ನೀರಿನ ಕ್ಯಾನ್ ಹಿಡಿದು ಬರಿಗಾಲಿನಲ್ಲಿ ಸಮುದ್ರಕ್ಕಿಳಿದೆ. ಅಜ್ಜಿಯ ಬೊಗಸೆಯಿಂದ ಮೂರನೇ ಅರ್ಘ್ಯ ಬೀಳುತ್ತಿದ್ದ ಹೊತ್ತಿಗೆ ಸೂರ್ಯ ಪೂರ್ತಿ ಮೇಲೆ ಬಂದಿದ್ದ. ನಾನು ಅವರ ಪಕ್ಕದಲ್ಲೇ ಬಗ್ಗಿ ಕ್ಯಾನ್ ತುಂಬಿಸಿ, ಮುಚ್ಚಳ ಬಿಗಿದು, ಅದನ್ನು ಎರಡೂ ಕೈಯಿಂದ ಅಪ್ಪಿಕೊಂಡು ವಾಪಸ್ ಬಂದು ತಕ್ಕಡಿಯ ಮೇಲೆ ನಿಂತೆ. ಮುಳ್ಳು ಸ್ವಲ್ಪ ಓಲಾಡಿ, ನೂರ ಮೂವತ್ತರ ಮೇಲೆ ನಿಂತಿತು.